ಹರಳು ಒಡೆದ ಪಾದ್ರಿ

ಒಂದೇ ಜಾತಿಯ ಗಿಡ ಎಲ್ಲಿ ಬೆಳೆದರೂ ಅದರ ಹೂವಿನ ರಚನೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಹಾಗಾದರೆ ಒಂದೇ ಖನಿಜದ ಹರಳುಗಳು ಹತ್ತಾರು ಆಕಾರಗಳಲ್ಲಿ ಸಿಗುವುದೇಕೆ? ಪ್ಯಾರಿಸ್ಸಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಪಾದ್ರಿ ರೆನೆ ಜೂಸ್ತ್ ಆಯುಯಿಯನ್ನು ಕಾಡಿದ ಪ್ರಶ್ನೆ ಇದು.

ಆಯುಯಿ 1743ರಲ್ಲಿ ಉತ್ತರ ಫ್ರಾನ್ಸಿನ ಬಡ ನೇಕಾರನ ಮನೆಯಲ್ಲಿ ಹುಟ್ಟಿದ. ಸಸ್ಯಗಳ ಗೀಳು ಹತ್ತಿದ್ದು ಸಹೋದ್ಯೋಗಿ ಲೊಮೊಂನ ಸಹವಾಸದಿಂದ. ಮುಂದೆ ರಾಜೋದ್ಯಾನದಲ್ಲಿ ದೊಬಾಂತೊನ್ ನೀಡುತ್ತಿದ್ದ ಉಪನ್ಯಾಸಗಳನ್ನು ಕೇಳಿ ಖನಿಜಗಳತ್ತ ಹೊರಳಿದ.

ಒಮ್ಮೆ ಗೆಳೆಯನ ಮನೆಯಲ್ಲಿ ಕ್ಯಾಲ್ಸೈಟಿನ ಸುಂದರ ಹರಳೊಂದು ಆತನ ಕೈಜಾರಿ ಬಿದ್ದು ಒಡೆಯಿತಂತೆ. ಒಡೆದ ಚೂರಿನ ಮುಖಗಳು ಬೇರೊಂದು ಬಗೆಯ ಕ್ಯಾಲ್ಸೈಟ್ ಹರಳನ್ನೇ ಹೋಲುತ್ತಿದ್ದವು. ಮನೆಗೆ ಹೋದವನೇ ತನ್ನ ಸಂಗ್ರಹದ ಹರಳುಗಳನ್ನೂ ಒಡೆದು ನೋಡಿದ. ಹೊರಗಿನ ರೂಪ ಏನೇ ಇರಲಿ, ಒಳಗಿನಿಂದ ಹೊರಬಂದದ್ದು ಅದೇ ಓರೆ ಇಟ್ಟಿಗೆಯಂಥ ತುಂಡು. ದೇವಾಲಯದ ಗೋಪುರದ ಅಂತಸ್ತುಗಳು ದೂರದಿಂದ ನುಣುಪಾದ ಇಳಿಜಾರಿನಂತೆ ಕಾಣುವುದಿಲ್ಲವೇ? ಹಾಗೆಯೇ ಕಣ್ಣಿಗೆ ಕಾಣದ ಪುಟ್ಟ ಇಟ್ಟಿಗೆಗಳು ಸಾಲುಸಾಲಾಗಿ ಹಿಂದೆ ಸರಿಯುತ್ತ ಪೇರಿಸಿಕೊಂಡು ಹರಳಿನ ಓರೆ ಮುಖಗಳಾಗುತ್ತವೆ ಎಂದು 1784ರ ಪುಸ್ತಕದಲ್ಲಿ ಆತ ಲೆಕ್ಕಸಮೇತ ವಿವರಿಸಿದ. ಇಟ್ಟಿಗೆಯ ಕಲ್ಪನೆಯನ್ನು ಮುಂದಿನವರು ತಿದ್ದಿದರು. ಆದರೆ ಹರಳಿನೊಳಗೆ ಕ್ರಮಬದ್ಧ ಪುನರಾವರ್ತನೆ ಇದೆಯೆಂಬುದನ್ನು 1912ರಲ್ಲಿ ಎಕ್ಸ್-ರೇ ಪ್ರಯೋಗ ದೃಢಪಡಿಸಿತು.

ಇಷ್ಟೆಲ್ಲ ಸಾಧಿಸಿದವನ ಜೀವ ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಕೂದಲೆಳೆಯಲ್ಲಿ ಉಳಿಯಿತು. ಹೊಸ ಸರ್ಕಾರ ಕೇಳಿದ ಪ್ರಮಾಣವಚನ ಸ್ವೀಕರಿಸಲು ಒಪ್ಪದ ಆತನನ್ನು 1792ರ ಆಗಸ್ಟ್‌ನಲ್ಲಿ ಇತರ ಪಾದ್ರಿಗಳೊಂದಿಗೆ ಬಂಧಿಸಲಾಯಿತು. ಇಪ್ಪತ್ತರ ಹರೆಯದ ಶಿಷ್ಯ ಜಾಫ್ರುವಾ ಸೇಂತಿಲೇರ್ ವಿದ್ವಾಂಸರ ಬಾಗಿಲು ತಟ್ಟಿ ಬಿಡುಗಡೆಯ ಆದೇಶ ತಂದ. ಗುರುವಿಗೆ ಮಾತ್ರ ಅವಸರವಿರಲಿಲ್ಲ. ಸೆರೆಯಲ್ಲೂ ಹರಳುಗಳ ಧ್ಯಾನದಲ್ಲಿದ್ದ ಆತ, ಮರುದಿನ ಪೂಜೆ ಮುಗಿಸಿಕೊಂಡೇ ಹೊರಡುತ್ತೇನೆ ಎಂದನಂತೆ! ಸೆಪ್ಟೆಂಬರ್ ಮೊದಲ ವಾರದಲ್ಲಿ ಅದೇ ಸೆರೆಮನೆಗೆ ಗುಂಪೊಂದು ನುಗ್ಗಿ ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದಿತು.

ಬದುಕುಳಿದ ಆಯುಯಿ ಸುಮ್ಮನಿರಲಿಲ್ಲ. ರಸಾಯನ ವಿಜ್ಞಾನಿ ಲವಾಸಿಯೇ ಬಂಧನಕ್ಕೊಳಗಾದಾಗ ಬಿಡುಗಡೆ ಕೋರಿ ಪತ್ರ ಬರೆದ. ಅದು ಫಲಿಸಲಿಲ್ಲ. 1801ರಲ್ಲಿ ಆತನ ಖನಿಜಶಾಸ್ತ್ರದ ಮಹಾಗ್ರಂಥ ಹೊರಬಂತು.

1822ರಲ್ಲಿ ಆಯುಯಿ ತೀರಿಕೊಂಡಾಗ ಬಂಧುಗಳಿಗೆ ದಕ್ಕಿದ ಆಸ್ತಿಯೆಂದರೆ ಆ ಹರಳುಗಳ ಸಂಗ್ರಹ. ಅದನ್ನು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಡ್ಯೂಕ್ ಕೊಂಡ. ಡ್ಯೂಕ್ ಮನೆತನ ಸಾಲದಲ್ಲಿ ಮುಳುಗಿ ಆಸ್ತಿ ಹರಾಜಾದಾಗ, 1848ರಲ್ಲಿ, ಹರಳುಗಳು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಕ್ಕೆ ಮರಳಿದವು.