ಸೆಂಟಿನ ಬಾಟಲಿಯಲ್ಲಿ ಮೈಸೂರು

ದರ್ಜಿಗಳು ಸೆಂಟು ಮಾರಲು ಶುರುಮಾಡಿದ್ದು ಯಾವಾಗ? ಪ್ಯಾರಿಸ್ಸಿನ ಪಾಲ್ ಪೊಆರೆ 1911ರಲ್ಲಿ ಮಗಳು ರೊಸೀನ್ ಹೆಸರಲ್ಲಿ ಸುಗಂಧದ ಕಂಪನಿ ತೆರೆದಾಗ. ಹತ್ತು ವರ್ಷದ ಮೇಲೆ ಶನೆಲ್ ನಂ. 5 ಬಂತು. (ಎಲ್ಲರೂ ಹೊಗಳುವ ಇದು ನನ್ನ ಮೂಗಿಗೆ ಮೊದಲ ಹತ್ತು ನಿಮಿಷ ಬರೀ ದುಬಾರಿ ಸೋಪು!) ಅದನ್ನು ಕೂಡಿಸಿದ ಅರ್ನೆಸ್ಟ್ ಬೋ 1926ರಲ್ಲಿ ಶನೆಲ್‌ಗೇ ಇನ್ನೊಂದು ಮಾಡಿಕೊಟ್ಟ - ಬ್ವಾ ದೆ ಜೀಲ್, ಅಂದರೆ ದ್ವೀಪಗಳ ಮರ. ನನ್ನ ಓಟು ಇದಕ್ಕೇ.

ಇದನ್ನು ಅಂಗಡಿಯ ಕಾಗದದ ಪಟ್ಟಿಯಲ್ಲಿ ಮೂಸಿ ತೀರ್ಪು ಕೊಡಬೇಡಿ. ಮಣಿಕಟ್ಟಿಗೆ ಹಾಕಿಕೊಂಡು ಎರಡು ಮೂರು ಗಂಟೆ ಕಾಯಿರಿ. ಮೊದಲು ಅದೇ ಸೋಪಿನ ಮಿಂಚು, ಆಮೇಲೆ ಹೂವು, ಅವೆಲ್ಲ ಹಾರಿಹೋದ ಮೇಲೆ ಚರ್ಮಕ್ಕೆ ಅಂಟಿ ಉಳಿಯುವುದು... ಶ್ರೀಗಂಧ! ಗಂಧದೆಣ್ಣೆಯ ಸ್ಯಾಂಟಲಾಲ್ ಬೇಗ ಆವಿಯಾಗುವುದಿಲ್ಲ, ಅದಕ್ಕೇ.

ನಮ್ಮೂರಿನ ಕಥೆ ಬರುವುದು ಇಲ್ಲೇ. 1914ಕ್ಕೆ ಮುಂಚೆ ಮೈಸೂರಿನ ಗಂಧದ ಕೊರಡು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಸಾಗಣೆ ನಿಂತಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ, ವಾಟ್ಸನ್ ಇಲ್ಲೇ ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಸರ್ಕಾರವೇ ಕಾರ್ಖಾನೆ ಹಾಕಿತು. ಬೋ ಆ ಸೆಂಟು ಕೂಡಿಸುವ ಹೊತ್ತಿಗೆ ಮೈಸೂರು ಲೋಕಕ್ಕೆ ತಾನೇ ಎಣ್ಣೆ ಮಾರುತ್ತಿತ್ತು.

ಆದರೆ ಇವತ್ತಿನ ಬಾಟಲಿ ಮೂಸಿ 1926ರದ್ದನ್ನು ಅಳೆಯಲಾಗದು. ಕಳ್ಳಸಾಗಣೆಗೆ, ರೋಗಕ್ಕೆ ಮರಗಳು ಹೋದವು. 1998ರಲ್ಲಿ ಐಯುಸಿಎನ್ ಶ್ರೀಗಂಧವನ್ನು ಅಪಾಯದಲ್ಲಿರುವ ಮರಗಳ ಪಟ್ಟಿಗೆ ಸೇರಿಸಿತು. ಸೆಂಟು ಮಾಡುವವರು ಕೃತಕ ಗಂಧಕ್ಕೆ, ಆಸ್ಟ್ರೇಲಿಯಾದ ಎಣ್ಣೆಗೆ ತಿರುಗಿದರು. ನಿಮ್ಮಜ್ಜಿಯ ಪೆಟ್ಟಿಗೆಯಲ್ಲಿ ಹಳೇ ಗಂಧದೆಣ್ಣೆ ಸೀಸೆ ಇದ್ದರೆ, ಮೂಸಿ ನೋಡಿ ಹೇಗಿದೆ ಅಂತ ಹೇಳ್ರಪ್ಪಾ :-)