ಕದಿರು ಕಟ್ಟಿದ ಅಡುಗೆಮನೆ

ನವರಾತ್ರಿ ಹತ್ತಿರ ಬಂತೆಂದರೆ ಅಡುಗೆಮನೆ ಸಿಂಗರಿಸಲು ಮುಂಬಯಿಯ ಅಂಗಡಿಗಳಲ್ಲಿ ಏನೆಲ್ಲ ಸಿಗುತ್ತದೆ ನೋಡಿ. ಪ್ಲಾಸ್ಟಿಕ್ ತೋರಣ, ಬ್ಯಾಟರಿ ದೀಪ, ಗೋಡೆಗೆ ಅಂಟಿಸುವ ರಂಗೋಲಿ. ನಮ್ಮ ಕರಾವಳಿಯವರಿಗೆ ಇದು ಹಳೆಯ ವಿದ್ಯೆ, ಖರ್ಚಿನ ಕಾಲಂನಲ್ಲಿ ಬರೀ ಸೊನ್ನೆ. ಕದಿರು ಕಟ್ಟುವುದು ಅಂತ ಅದರ ಹೆಸರು. ಘಟ್ಟದ ಮೇಲಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಗದ್ದೆಗೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಳೆಗಾಲದ ಏಣೆಲು ತೆನೆ ಬಿಡುವುದು ಕನ್ಯಾ ತಿಂಗಳ ಹೊತ್ತಿಗೆ, ಅಂದರೆ ತುಳುವಿನ ನಿರ್ನಾಲದಲ್ಲಿ. ಕೆಲವರು ಚೌತಿಗೇ ಮುಗಿಸುತ್ತಾರೆ, ಕೆಲವರು ನವರಾತ್ರಿಗೆ. ಬೆಳಿಗ್ಗೆ ಬೇಗ ಕೊಯ್ದ ಹೊಸ ತೆನೆಯನ್ನು ತುಳಸಿಕಟ್ಟೆಯ ಬಳಿ ಇಟ್ಟು ಪೂಜಿಸಿ, "ಪೊಲಿ ಪೊಲಿ" ಎನ್ನುತ್ತಾ ಒಳಗೆ ತರುತ್ತಾರೆ. ಮಾವಿನ ಎಲೆ, ಹಲಸಿನ ಎಲೆ, ಅಶ್ವತ್ಥದ ಎಲೆಯ ಜೊತೆ ತೆನೆ ಸೇರಿಸಿ, ನಾರಿನಲ್ಲಿ ಬಿಗಿದು ಕಟ್ಟುವುದು. ಎಲ್ಲಿಗೆ? ಬಾಗಿಲಿಗೆ, ಕಂಬಕ್ಕೆ, ನೇಗಿಲಿಗೆ. ಆಮೇಲೆ ಅಡುಗೆಮನೆಯಲ್ಲಿ ಕಡೆಯುವ ಕಲ್ಲಿಗೆ, ತುರಿಮಣೆಗೆ, 42 ಸೇರಿನ ಅಕ್ಕಿ ಮುಡಿಗೆ. ದುಡಿಯುವ ವಸ್ತು ಒಂದನ್ನೂ ಬಿಡುವಂತಿಲ್ಲ. ಮಂಗಳೂರಿನ ಕ್ರೈಸ್ತರಿಗೂ ಇದು ಉಂಟು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ಕಾಳನ್ನು ಪಾಯಸಕ್ಕೆ ಬೆರೆಸುತ್ತಾರೆ.

ನಮ್ಮ ಅಜ್ಜ ಕಟ್ಟುತ್ತಿದ್ದದ್ದು ಗೇಣಿ ಗದ್ದೆಯ ಕದಿರು. ತೆನೆ ನಮ್ಮ ಕಂಬಕ್ಕೆ, ಅಕ್ಕಿ ಬಹುಪಾಲು ಧಣಿಗಳ ಕಣಜಕ್ಕೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರಕಾರಕ್ಕೆ ಸೇರಿ, ಡಿಕ್ಲರೇಷನ್ ಕೊಟ್ಟ ಒಕ್ಕಲಿಗೆ ಹಕ್ಕು ಸಿಗುವ ದಾರಿ ತೆರೆಯಿತು. ಗದ್ದೆ ನಮ್ಮದಾಯಿತು. ಆದರೆ ಅಷ್ಟರಲ್ಲಿ ಮನೆಯ ಗಂಡಸರು ಒಬ್ಬೊಬ್ಬರಾಗಿ ಮುಂಬಯಿ ಬಸ್ಸು ಹತ್ತಿಯಾಗಿತ್ತು!

ಚಿಕ್ಕಪ್ಪ ಇದ್ದದ್ದು ವರಳಿಯ ಬಿಡಿಡಿ ಚಾಳಿನಲ್ಲಿ. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ 207 ಚಾಳುಗಳಲ್ಲಿ ಒಂದು. ಖೋಲಿ 160 ಚದರಡಿ, ಅದರ ಮೂಲೆಯೇ ಅಡುಗೆಮನೆ. ಪಕ್ಕದಲ್ಲಿ ಮೋರಿ. ಇಲ್ಲಿ ಮುಡಿ ಎಲ್ಲಿ, ಕಂಬ ಎಲ್ಲಿ? ಸಿಂಗಾರವೆಂದರೆ ಗೋಡೆಯ ಮಾಂಡಣಿ. ಮೊದಲು ಅದರಲ್ಲಿ ಹಿತ್ತಾಳೆ. ಹಬ್ಬದ ಮುಂಚೆ ಕಲಾಯಿಯವನು ಬಂದು, ತಿದಿ ಒತ್ತಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರವನ್ನು ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿ. ಅದು ಬರೀ ಚಂದಕ್ಕಲ್ಲ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಗ್ಯಾರಂಟಿ.

ಆಮೇಲೆ ಸ್ಟೀಲು ಬಂತು. ಶೆಫೀಲ್ಡಿನಲ್ಲಿ ಹ್ಯಾರಿ ಬ್ರೆರ್ಲಿ 1913ರಲ್ಲಿ ತಯಾರಿಸಿದ ತುಕ್ಕು ಹಿಡಿಯದ ಉಕ್ಕು ನಮ್ಮ ಚಾಳಿಗೆ ತಲುಪಿದ್ದು ಬೋಹಾರಿಣ್ ತಲೆಯ ಮೇಲಿನ ಬುಟ್ಟಿಯಲ್ಲಿ. ಹಳೆಯ ಪ್ಯಾಂಟು, ಸೀರೆ ಕೊಟ್ಟರೆ ಹೊಸ ಡಬ್ಬ. ಚಿಕ್ಕಮ್ಮ ಅವಳ ಜೊತೆ ಮಾಡುತ್ತಿದ್ದ ಚೌಕಾಸಿಯನ್ನು ನಮ್ಮ ಬ್ಯಾಂಕಿನ ಸಾಲ ವಸೂಲಿ ವಿಭಾಗದವರು ನೋಡಬೇಕಿತ್ತು. ನಗದು ವ್ಯವಹಾರವಿಲ್ಲ, ಆದರೂ ವರ್ಷಕ್ಕೊಂದು ಸಾಲು ಡಬ್ಬ ಏರುತ್ತಿತ್ತು. ಮಾಂಡಣಿಯ ಅಂಚಿಗೆ ಹಳೆಯ ಪೇಪರನ್ನು ಮಡಚಿ ಕತ್ತರಿಸಿದ ಜಾಲರಿ.

ಅಂದ ಹಾಗೆ, ದಸರೆಗೆ ನಾವು ಒಲೆಯ ಮೇಲೆ ಕಟ್ಟುವ ಚೆಂಡುಹೂವು ಇಲ್ಲಿಯದಲ್ಲ, ಮೆಕ್ಸಿಕೋದ್ದು. ಪೋರ್ಚುಗೀಸರ ಕಾಲದಲ್ಲಿ ಬಂದಿತೆನ್ನುತ್ತಾರೆ. ಅಲ್ಲಿಯೂ ನವೆಂಬರ್ ಮೊದಲಿಗೆ ಸತ್ತವರ ಹಬ್ಬಕ್ಕೆ ಅದೇ ಹೂವು.

ದಾದರಿನ ಹೂಗಲ್ಲಿಯಲ್ಲಿ ದಸರೆಯ ಹಿಂದಿನ ದಿನ ಚೆಂಡುಹೂವು, ಮಾವಿನೆಲೆಗಳ ನಡುವೆ ಭತ್ತದ ತೆನೆ ಸಿಕ್ಕಿಸಿದ ತೋರಣ ಮಾರುತ್ತಾರೆ. ಮರಾಠಿಯಲ್ಲಿ ಅದು ಲೋಂಬಿ. ನಮ್ಮ ಕದಿರೇ, ಹೆಸರು ಬೇರೆ ಅಷ್ಟೆ. ಕಳೆದ ವರ್ಷ ನಾನು 20 ರೂಪಾಯಿಗೆ ಒಂದು ಕಟ್ಟು ತಂದೆ. ಮನೆಯವಳು ಅದನ್ನು ಬಿಡಿಸಿ ಅಕ್ಕಿ ಡಬ್ಬಕ್ಕೊಂದು, ಮಿಕ್ಸಿಗೊಂದು, ತುರಿಮಣೆಗೊಂದು ಕಟ್ಟಿದಳು. ಊರಿಗೆ ಫೋನು ಮಾಡಿ ತಮ್ಮನಲ್ಲಿ "ಈ ಸಲ ಕದಿರು ಎಲ್ಲಿಂದ ಮಾರಾಯ?" ಅಂತ ಕೇಳಿದೆ. ಗದ್ದೆಯಲ್ಲಿ ಈಗ ಅಡಿಕೆ ಸಸಿ. ಕದಿರು ದೇವಸ್ಥಾನದಲ್ಲಿ ಹಂಚಿದರಂತೆ, ಮನೆಗೆ ಎರಡು ತೆನೆ.