ಕಿವಿಗೆ ಬಂದ ಪುಸ್ತಕ

ಫೋನೋಗ್ರಾಫ್ ಕಂಡುಹಿಡಿದ ಮರುವರ್ಷ, ಅಂದರೆ 1878ರಲ್ಲಿ, ಆ ಯಂತ್ರ ಏನೇನಕ್ಕೆಲ್ಲ ಒದಗಬಹುದೆಂದು ಥಾಮಸ್ ಎಡಿಸನ್ ಒಂದು ಪಟ್ಟಿ ಬರೆದರು. ಕಣ್ಣು ಕಾಣದವರಿಗೆ ಪುಸ್ತಕ ಕೇಳಿಸುವುದೂ ಅದರಲ್ಲಿತ್ತು. ಮುಂದೆ ಹಾಡು ಮನೆಮನೆಗೆ ಬಂತು, ನಾಟಕದ ತುಣುಕುಗಳು ಬಂದವು. ಪುಸ್ತಕ ಬರಲು ಮಾತ್ರ ಐವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮೊದಲ ತೊಡಕು ತಟ್ಟೆಯದೇ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷದ ಧ್ವನಿ. ಒಂದು ಸಾಧಾರಣ ಕಾದಂಬರಿ ಓದಲು ಎಂಟು ಹತ್ತು ಗಂಟೆ ಬೇಕು. ಅಷ್ಟನ್ನು ತುಂಬಲು ಹೊರಟರೆ ತಟ್ಟೆಗಳ ರಾಶಿಯೇ ಬೇಕಾಗುತ್ತಿತ್ತು.

ಹಾಗೆಂದು ಉಬ್ಬು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯೇ ಸಾಕು ಎನ್ನಲಾಗದು, ಅದು ಎಲ್ಲರಿಗೂ ಒಲಿಯುವುದಿಲ್ಲ. ಬಾಲ್ಯದಲ್ಲೇ ಕಲಿತವರ ಬೆರಳು ಚುಕ್ಕೆಗಳ ಮೇಲೆ ಸರಾಗವಾಗಿ ಓಡುತ್ತದೆ. ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರು ಅಕ್ಷರ ಅಕ್ಷರಕ್ಕೂ ತಡವರಿಸುತ್ತಾರೆ. ಮೊದಲ ಮಹಾಯುದ್ಧ ಇಂಥವರ ಸಂಖ್ಯೆಯನ್ನು ಹೆಚ್ಚಿಸಿತು. 1916ರ ಸೋಮ್ ಕದನದಲ್ಲಿ ದೃಷ್ಟಿ ಕಳೆದುಕೊಂಡ ಬ್ರಿಟನ್ನಿನ ಸೈನಿಕ ಇಯಾನ್ ಫ್ರೇಸರ್‌ಗೆ ಆಗಿನ್ನೂ 18 ವರ್ಷ. ಯುದ್ಧದಲ್ಲಿ ಅಂಧರಾದ ಸೈನಿಕರಿಗೆ ಆಸರೆಯಾಗಿದ್ದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯ ಅಧ್ಯಕ್ಷರಾದ ಅವರು ಧ್ವನಿಪುಸ್ತಕದ ಬೆನ್ನು ಬಿಡಲಿಲ್ಲ.

ಅತ್ತ ಅಮೆರಿಕದಲ್ಲಿ ಅಂಧ ವಯಸ್ಕರ ಪುಸ್ತಕಗಳಿಗೆ ವರ್ಷಕ್ಕೆ 1 ಲಕ್ಷ ಡಾಲರ್ ಕೊಡುವ ಕಾನೂನು 1931ರಲ್ಲಿ ಬಂತು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ರಾಬರ್ಟ್ ಇರ್ವಿನ್ ಅವರ ಮುಂದಾಳತ್ವದಲ್ಲಿ ನಡೆದ ಪ್ರಯೋಗಗಳು 33⅓ ಸುತ್ತಿನ ತಟ್ಟೆಯನ್ನು ರೂಪಿಸಿದವು. ಗೆರೆಗಳು ಸಣ್ಣ, ಓಟ ನಿಧಾನ, ಮಗ್ಗುಲಿಗೆ ಸುಮಾರು ಹದಿನೈದು ನಿಮಿಷ. 1934ರಲ್ಲಿ ಓದುಗರ ಕೈಗೆ ಪುಸ್ತಕ ತಲುಪತೊಡಗಿತು. ಸಂಗೀತಪ್ರಿಯರು ಮೆಚ್ಚಿ ಮೆರೆಸಿದ ಎಲ್‌ಪಿ ತಟ್ಟೆ ಅಂಗಡಿಗೆ ಬಂದದ್ದು 1948ರಲ್ಲಿ. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಅದೇ ವೇಗದ ತಟ್ಟೆಯಲ್ಲಿ ಅಂಧರು ಕಾದಂಬರಿ ಕೇಳುತ್ತಿದ್ದರು ಎಂಬುದು ಇನ್ನಷ್ಟು ಜನರಿಗೆ ಗೊತ್ತಾಗಬೇಕು.

ಕಣ್ಣು, ಕಿವಿ ಎರಡೂ ಇಲ್ಲದೆ ಬೆಳೆದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಮೊದಲಿಗೆ ಧ್ವನಿಪುಸ್ತಕದ ಯೋಜನೆಯನ್ನು ಒಪ್ಪಲಿಲ್ಲ. ಲಕ್ಷಾಂತರ ಜನ ಕೆಲಸವಿಲ್ಲದೆ ಕೂತಿರುವಾಗ ಇದಕ್ಕೆ ಹಣ ಕೇಳುವುದು ಸರಿಯಲ್ಲ ಎಂಬುದು ಅವರ ನಿಲುವು. ಆದರೆ 1935ರ ಹೊತ್ತಿಗೆ ಅಧ್ಯಕ್ಷ ರೂಸ್‌ವೆಲ್ಟ್ ಬಳಿ ಅವರೇ ಇದರ ಪರವಾಗಿ ಮಾತಾಡಿದರು. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲೇ ಧ್ವನಿಪುಸ್ತಕದ ಯಂತ್ರಗಳು ತಯಾರಾದವು. ಅದೇ ವರ್ಷ ನವೆಂಬರ್ 7ರಂದು ಬ್ರಿಟನ್ನಿನ ಧ್ವನಿಪುಸ್ತಕ ಸೇವೆಯೂ ಶುರುವಾಯಿತು. ಅಲ್ಲಿನ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಒಂದು ಪತ್ತೇದಾರಿ ಕಾದಂಬರಿ ಇತ್ತು. ಧರ್ಮಗ್ರಂಥದ ಜೊತೆಗೆ ಕೊಲೆಗಾರನನ್ನು ಹುಡುಕುವ ಕಥೆಯೂ ಕೇಳುಗರಿಗೆ ಬೇಕು ಎಂದು ಆಯ್ಕೆ ಮಾಡಿದವರಿಗೆ ತಿಳಿದಿತ್ತು.

ತಟ್ಟೆಯ ಅಡ್ಡಿ ಕಳೆದರೂ ಅನುಮತಿಯ ಅಡ್ಡಿ ಉಳಿಯಿತು. ತಟ್ಟೆಗಳನ್ನು ಮಾರಬಾರದು, ರೇಡಿಯೋದಲ್ಲಿ ಹಾಕಬಾರದು, ಅಂಧರ ಹೊರತು ಬೇರಾರಿಗೂ ಕೊಡಬಾರದು ಎಂಬ ಷರತ್ತಿನ ಮೇಲೆ ಪ್ರಕಾಶಕರು ಒಪ್ಪಿದ್ದರು. ಮುಂದೆ ಕ್ಯಾಸೆಟ್ ಬಂದಾಗಲೂ ಅಮೆರಿಕದಲ್ಲಿ ಅದನ್ನು ಸಾಮಾನ್ಯ ವೇಗದ ಅರ್ಧಕ್ಕೆ ಇಳಿಸಿ ನಾಲ್ಕು ಪಟ್ಟಿಗಳಲ್ಲಿ ಮುದ್ರಿಸಿದರು. ಮನೆಯ ಟೇಪ್ ರೆಕಾರ್ಡರಿನಲ್ಲಿ ಅದು ಸರಿಯಾಗಿ ಕೇಳಿಸುತ್ತಿರಲಿಲ್ಲ. ವಿಶೇಷ ಯಂತ್ರವೇ ಬೇಕಿತ್ತು.

ಭಾರತ ಈ ಅನುಮತಿಯ ಬೀಗವನ್ನು 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ ತೆಗೆಯಿತು. ಮುದ್ರಿತ ಪುಟ ಓದಲಾಗದವರಿಗಾಗಿ ಲಾಭವಿಲ್ಲದೆ ಧ್ವನಿಪ್ರತಿ ಮಾಡಲು ಲೇಖಕರ ಒಪ್ಪಿಗೆ ಕಾಯಬೇಕಿಲ್ಲ. ಇಂಥ ಪ್ರತಿಗಳು ಗಡಿ ದಾಟಲು ಅವಕಾಶ ಕೊಡುವ ಮರಾಕೆಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಸೇರಿದ ದೇಶವೂ ಭಾರತವೇ. 1990ರಲ್ಲಿ ಹುಟ್ಟಿದ ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿ ಸ್ವಯಂಸೇವಕರು ಮೈಕಿನ ಮುಂದೆ ಕೂತು ಓದಿದ್ದಕ್ಕೆ ಇದರಿಂದ ದೂರದ ಕೇಳುಗರೂ ಸಿಗುವಂತಾಯಿತು. ಅಮೆರಿಕ ಆ ಒಪ್ಪಂದಕ್ಕೆ ಸೇರಿದ್ದು 2019ರಲ್ಲಿ. ಅಲ್ಲಿ ನೆಲೆಸಿ ಮುಪ್ಪಿನಲ್ಲಿ ದೃಷ್ಟಿ ಮಂಜಾದ ಕನ್ನಡಿಗರಿಗೆ ಇಲ್ಲಿ ತಯಾರಾದ ಕನ್ನಡ ಧ್ವನಿಪುಸ್ತಕವನ್ನು ಸಂಸ್ಥೆಗಳ ಮೂಲಕ ಕಳಿಸಲು ಈಗ ಕಾನೂನಿನ ದಾರಿಯಿದೆ.